ನಾಮಿನಿ

ಅಪ್ಪನ ಮೊಬೈಲಿನಲ್ಲಿ ಹೂಡಿಕೆಗಳ ಪಟ್ಟಿ ತೆರೆದ ಹರಿಣಿಯ ಬೆರಳು ಅಲ್ಲೇ ನಿಂತಿತು. ಮ್ಯೂಚುವಲ್ ಫಂಡು, ಚಿನ್ನದ ಬಾಂಡು, ಷೇರು, ಎಲ್ಲಕ್ಕೂ ನಾಮಿನಿ ಒಬ್ಬನೇ: ತಮ್ಮ ಅಂಬರೀಶ, ನೂರಕ್ಕೆ ನೂರು. ಅರ್ಧ ಪಾಲಿಗಿದ್ದ ಅವಳ ಹೆಸರು ಎಲ್ಲೂ ಇರಲಿಲ್ಲ.

ರೇಷ್ಮೆ ಇಲಾಖೆಯಿಂದ ನಿವೃತ್ತನಾದ ಅಪ್ಪ ಆವುಲಪ್ಪನ ದುಡ್ಡನ್ನು ಒಂದೇ ಕಡೆ ಇಡದೆ ಹೀಗೆ ಹಂಚಿ ಹಾಕಿಸಿದವಳು ಅವಳೇ. ಒಂಬತ್ತು ವರ್ಷಗಳಿಂದ ತಿಂಗಳಿಗೊಂದು ಭಾನುವಾರ ಗೌರಿಬಿದನೂರಿನಿಂದ ತೊಂಡೇಬಾವಿಗೆ ರೈಲಿನಲ್ಲಿ ಬಂದು, ಏರಿದ್ದು ಇಳಿದದ್ದನ್ನೆಲ್ಲ ವಿವರಿಸಿ ಹೋಗುತ್ತಿದ್ದಳು. ಮಾರುಕಟ್ಟೆ ಕುಸಿದ ವರ್ಷ ಹೆದರಿ ಎಲ್ಲವನ್ನೂ ಮಾರಹೊರಟಿದ್ದ ಅಪ್ಪನನ್ನು ಕೈಹಿಡಿದು ತಡೆದಿದ್ದಳು.

"ನನ್ನ ಹೆಸರು ಯಾವಾಗ ತೆಗ್ಸಿದೆ ಅಪ್ಪಾ?"

"ಉಗಾದಿಗೆ ಬಂದಿದ್ನಲ್ಲ ಅಂಬರೀಶ, ಅವ್ನ ಕೈಲೇ ತೆಗ್ಸಿದೆ ಕಣಮ್ಮ. ಗಂಡುಮಗ ಅಲ್ವಾ? ನಿಂಗೆ ಗಂಡನ ಮನೆ ಐತೆ." ಆವುಲಪ್ಪನ ದನಿಯಲ್ಲಿ ಅಳುಕೇ ಇರಲಿಲ್ಲ. ಎಂದಿನಂತೆ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ. "ಅದಿರ್ಲಿ, ಚಿನ್ನದ್ದು ಈ ತಿಂಗ್ಳು ಎಷ್ಟಾಯ್ತು ಹೇಳು."

ನೋಡದೆಯೂ ಆ ಅಂಕಿ ಹರಿಣಿಗೆ ಗೊತ್ತಿತ್ತು. ಬಾಯಿಯವರೆಗೂ ಬಂದಿತ್ತು. ಅವಳು ಮೊಬೈಲನ್ನು ಅಪ್ಪನ ಕೈಗಿಟ್ಟು ಎದ್ದು ನಿಂತಳು.

"ಅಂಬರೀಶನ್ನೇ ಕೇಳಪ್ಪಾ."