ಒಳಬದಿಯ ಕಿವಿ

ಬನಹಟ್ಟಿಯ ನೇಕಾರರು ಮಗ್ಗದ ಶೆಡ್ಡಿಗೆ ಹೋಗುವ ಮುಂಚೆ ಸದ್ದಿಗೆ ಕೆಡದಿರಲೆಂದು ಕಿವಿಯನ್ನು, ಕೇಳಿಸುವ ಒಳಗಿನ ಶಂಖದ ಸಮೇತ, ಬಿಚ್ಚಿ ಗೇಟಿನ ಗೂಡಿನಲ್ಲಿಡುತ್ತಾರೆ. ಕಾಡಪ್ಪನ ಮಾಲೀಕ ಮಾತ್ರ, ತಾನು ಕೂಗಿದ್ದು ಕೇಳಬೇಕೆಂದು, ಹತ್ತು ವರ್ಷ ಅವನಿಗೆ ಬಿಚ್ಚಲು ಬಿಟ್ಟಿರಲಿಲ್ಲ. ಈಗ ಮೂರು ತಿಂಗಳಿಂದ ಅವನಿಗೆ ಹೆಂಡತಿಯ ಮಾತೂ ಕೇಳುತ್ತಿಲ್ಲ.

ಡಾಕ್ಟರಮ್ಮ ಝೇಂಕರಿಸುವ ಉಕ್ಕಿನ ಕವೆ ಮಿಡಿದು ಅವನ ಕಿವಿಯ ಮುಂದೆ ಹಿಡಿದರು, ಆಮೇಲೆ ಹಿಂದಿನ ಎಲುಬಿಗೆ ಒತ್ತಿದರು. ಎರಡೂ ಸಲ ಅವನು ಇಲ್ಲವೆಂದು ಕೈಯಾಡಿಸಿದ.

“ಕಿವ್ಯಾಗಿನ ಗುಗ್ಗಿ ಅಲ್ಲವ್ವಾ, ಸದ್ದು ಒಳಗಿನ ಶಂಖಾನ ತಿಂದೈತಿ. ಎರಡೂ ಸತ್ತಾವ,” ಎಂದು ಡಾಕ್ಟರಮ್ಮ ಅವನ ಹೆಂಡತಿ ನೀಲವ್ವನಿಗೆ ಹೇಳಿದರು.

ನೀಲವ್ವ ತನ್ನ ಬಲಗಿವಿಯನ್ನು ಓಲೆಯ ಸಮೇತ ಬಿಚ್ಚಿ ಗಂಡನಿಗೆ ತೊಡಿಸಿ, ಅವನ ಸತ್ತ ಬಲಗಿವಿಯನ್ನು ತಾನು ತೊಟ್ಟಳು.

“ನನ್ನ ಬೆಂಡೋಲಿ ಕಳ್ಕೊಂಡೀರಿ ಮತ್ತ,” ಎಂದಳು.

“ಕೇಳಿಸ್ತು ಬಿಡ,” ಎಂದು ಕಾಡಪ್ಪ ನಕ್ಕ.

ಸಂಜೆ ಇಬ್ಬರೂ ಒಳ್ಳೆಯ ಕಿವಿ ಒಳಬದಿಗೆ ಬರುವಂತೆ ಜೊತೆಯಾಗಿ ನಡೆದರು. ದಾರಿಬದಿಯಿಂದ ಮಾಲೀಕ ಕೂಗಿದ್ದೆಲ್ಲ ಸತ್ತ ಕಿವಿಗೇ ಬಿತ್ತು.