ಕಂಠದಾನ

ತಂಗಿಗೆ ಗೊತ್ತಾಗಿಹೋಗಿದೆ. ಇಲ್ಲದಿದ್ದರೆ ಚಿತ್ರದ ನಾಯಕಿಯಾದವಳು ಮನೆಯಲ್ಲಿ ಕಾಲು ಚಾಚಿ ಮಲಗುವುದು ಬಿಟ್ಟು, ದಿನಾ ಡಬ್ಬಿಂಗ್ ಸ್ಟುಡಿಯೋಗೆ ಬಂದು ಗಾಜಿನ ಆಚೆ ಯಾಕೆ ಕೂರುತ್ತಾಳೆ?

ಗಾಜಿನ ಈಚೆ, ಮೈಕಿನ ಮುಂದೆ ಅಕ್ಕ ನಿಂತಿದ್ದಳು. ಪರದೆಯ ಮೇಲೆ ತಂಗಿಯ ತುಟಿ ಆಡುತ್ತಿತ್ತು. ಅದಕ್ಕೆ ಅಕ್ಕ ಮಾತು ತುಂಬಬೇಕು. ತುಂಬಿದಳು. ಗಾಜಿನಾಚೆಯ ತುಟಿಯೂ ಸದ್ದಿಲ್ಲದೆ ಜೊತೆಜೊತೆಗೆ ಆಡಿತು. ಅಕ್ಕ ತಡೆದಲ್ಲಿ ತಡೆಯಿತು. ಕಳೆದುಹೋದ ಸರವನ್ನು ಇನ್ನೊಬ್ಬರ ಕೊರಳಲ್ಲಿ ಕಂಡವಳು ಮಣಿ ಎಣಿಸಿ ನೋಡುತ್ತಿರುವ ಹಾಗಿತ್ತು.

"ಇದೂ ಒಂದೇ ಸಲಕ್ಕೆ ಕೂತ್ಕೊಂಡ್ತಲ್ಲ," ಎಂದ ಸೌಂಡ್ ಇಂಜಿನಿಯರ್. "ಏನು ಮಂತ್ರ ಹಾಕ್ತೀಯಮ್ಮಾ?"

ಅವಳು ನಕ್ಕಳು. ನಗು ತುಟಿ ದಾಟಿ ಒಳಗಿಳಿಯಲಿಲ್ಲ.

ಇದೇ ಇಂಜಿನಿಯರ್ ಹಿಂದೆಲ್ಲ ಅವಳಿಗೆ ಕೊಡುತ್ತಿದ್ದದ್ದು ಗುಂಪಿನ ಗದ್ದಲ, ಮಗುವಿನ ಅಳು, ಫೋನಿನ ಆಚೆಯಿಂದ ಬರುವ ಹಲೋ. ದನಿ ಚೆನ್ನ, ಉಸಿರೇ ಸಾಲದು ಎನ್ನುತ್ತಿದ್ದ. ನಿಜವೇ. ಚಿಕ್ಕಂದಿನಿಂದ ದಮ್ಮು. ವಾಕ್ಯ ಸ್ವಲ್ಪ ಉದ್ದವಾದರೆ ಎದೆ ನಡುವೆ ಎಲ್ಲೋ ಕೈಕೊಡುತ್ತಿತ್ತು. ಅಷ್ಟರಲ್ಲಿ ಪರದೆಯ ತುಟಿ ಮುಂದೆ ಓಡಿರುತ್ತಿತ್ತು. ಈ ಚಿತ್ರದಲ್ಲಿ ಎಲ್ಲವೂ ಸಲೀಸು. ಕದ್ದದ್ದು ಇಷ್ಟು ಸಲೀಸಾಗಿ ದಕ್ಕುತ್ತಿದೆಯಲ್ಲ ಎಂದೇ ಅವಳಿಗೆ ಹೆದರಿಕೆ.

ಕದ್ದದ್ದೇ ಅದು, ಬೇರೆ ಹೆಸರಿಲ್ಲ. ನಿರ್ದೇಶಕರು ತಂಗಿಯನ್ನು ಫೋಟೊ ನೋಡಿ ಆರಿಸಿಕೊಂಡಿದ್ದರು. ಸೆಟ್ಟಿನಲ್ಲಿ ಬಾಯಿ ಬಿಟ್ಟರೆ ಒಡಕು ತಗಡು. ಶುರುವಿನಲ್ಲೇ ಅಕ್ಕನನ್ನು ಕರೆಸಿ ಕೇಳಿದ್ದರು.

"ಶೀತ ಗೀತ ಆಗಿದೆಯೇನಮ್ಮಾ ಅವಳಿಗೆ? ಹಾಗಿದ್ರೆ ವಾಸಿಯಾದ್ಮೇಲೆ ಅವಳೇ ಡಬ್ ಮಾಡ್ಲಿ, ಕಾಯೋಣ. ಇಲ್ಲಾ, ದನಿಯೇ ಹಾಗಾ?"

ತಂಗಿ ಮನೆಯಲ್ಲಿ ಅಕ್ಕಾ ಎಂದರೆ ಪಕ್ಕದ ಮನೆಯವರು ಓಗೊಡುತ್ತಿದ್ದರು. ಗಂಟೆ ಬಡಿದಂಥ ಕಂಠ. ಹೊಸ ಜಾಗದ ಅಂಜಿಕೆಗೆ ಗಂಟಲು ಕಟ್ಟಿರಬೇಕು, ತಾನಾಗಿ ಬಿಡುತ್ತದೆ. ಇಷ್ಟನ್ನು ಹೇಳಿದ್ದರೆ ಮುಗಿಯುತ್ತಿತ್ತು. ಬಾಯಿಗೆ ಬಂದದ್ದು ಬೇರೆ.

"ಮೊದಲಿಂದ್ಲೂ ಹಾಗೇ ಸಾರ್."

ನಿರ್ದೇಶಕರು ನಿಟ್ಟುಸಿರಿಟ್ಟರು. ಹಾಗಾದರೆ ನೀನೇ ಮಾಡಿಬಿಡು, ಒಡಹುಟ್ಟಿದವಳ ದನಿ, ಮುಖಕ್ಕೆ ಹೊಂದುತ್ತದೆ ಎಂದರು.

ಸುದ್ದಿ ಕೇಳಿದ ತಂಗಿ ಯಾಕೆ, ಹೇಗೆ ಎಂದು ಕೇಳಲಿಲ್ಲ. ಅದೇ ಚುಚ್ಚಿದ್ದು. "ಯಾರ್ದೋ ದನಿ ಹಾಕ್ತಾರೇನೋ ಅಂದ್ಕೊಂಡಿದ್ದೆ. ಮನೇಲೇ ಉಳೀತಲ್ಲ, ಬಿಡು," ಎಂದು ಒದ್ದೆ ಬಟ್ಟೆ ಹಿಂಡುತ್ತ ನಿಂತಳು. ಆಮೇಲೂ ತನ್ನ ಸಂಭಾಷಣೆಯನ್ನು ಅಕ್ಕನಿಂದಲೇ ಓದಿಸಿದಳು. ಕಿವಿಗೆ ಬಿದ್ದರೇನೇ ತನಗೆ ಬಾಯಿಪಾಠ ಆಗುವುದಂತೆ. ಮಹಡಿಯ ಮೇಲೆ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಕೂತು ಅಕ್ಕ ಓದುವಳು. ದಮ್ಮು ಹತ್ತಿ ಅವಳು ನಿಂತಾಗ ತಂಗಿ ಬಟ್ಟೆಗೊಂದು ಕ್ಲಿಪ್ಪು ಸಿಕ್ಕಿಸುವಳು. ಮುಗಿದದ್ದೇ ತಡ, ಇನ್ನೊಂದು ಸಲ ಓದಕ್ಕಾ ಎನ್ನುವಳು. ನೀನು ಕಿತ್ತುಕೊಂಡದ್ದು ಯಾವುದು ಎಂದು ನೀನೇ ನೋಡಿಕೋ ಎಂದ ಹಾಗೆ ಕೇಳಿಸುತ್ತಿತ್ತು ಅಕ್ಕನಿಗೆ.

ನಿರ್ದೇಶಕರು ಬೇರೆ, ಸಿಕ್ಕಿದಾಗೆಲ್ಲ ತಂಗಿಯ ಗುಣಗಾನ. ಮಾತಿನ ನಡುವೆ ತಡೆದು ತಡೆದು ನಿಲ್ಲುವ ಆ ಧಾಟಿ ಅವಳೇ ತಂದದ್ದಂತೆ, ಯಾರೂ ಹೇಳಿಕೊಟ್ಟದ್ದಲ್ಲವಂತೆ. ಅಂಥ ನಟಿಯ ಅರ್ಧ ಪಾತ್ರವನ್ನು ತಾನು ನುಂಗಿದೆನಲ್ಲ. ಮೊನ್ನೆ ಚಿತ್ರದ ಶೀರ್ಷಿಕೆಗಳನ್ನು ತೋರಿಸಿದ್ದರು. ಕಂಠದಾನ ಎಂಬ ಪದ, ಅದರ ಕೆಳಗೆ ತನ್ನ ಹೆಸರು. ದಾನವಂತೆ. ಕದ್ದವಳಿಗೆ ದಾನಿಯ ಪಟ್ಟ.

ಇವತ್ತು ಕೊನೆಯ ದೃಶ್ಯ. ಇದು ಮುಗಿದ ಕೂಡಲೇ ಗಾಜಿನ ಆಚೆ ಹೋಗಿ ಹೇಳಿಬಿಡಬೇಕು ಎಂದು ಅವಳು ಗಟ್ಟಿ ಮಾಡಿಕೊಂಡಿದ್ದಳು. ಇನ್ನೂ ಕಾಲ ಮಿಂಚಿಲ್ಲ; ತಂಗಿ ಮತ್ತೆ ಮೊದಲಿನಿಂದ ತನ್ನ ದನಿಯಲ್ಲೇ ಡಬ್ ಮಾಡಬಹುದು. ತಾನು ಮಗುವಿನ ಅಳುವಿಗೆ ವಾಪಸ್ಸು. ತಂಗಿ ಮತ್ತೆಂದೂ ಅಕ್ಕಾ ಎನ್ನದೆ ಹೋದರೂ ಸರಿಯೇ.

ಪರದೆಯ ಮೇಲೆ ನಾಯಕಿ ಬಾಗಿಲ ಕಡೆ ತಿರುಗಿ ನಿಂತಳು. ಬೆನ್ನು ಮಾತ್ರ.

"ತುಟಿ ಕಾಣಲ್ಲ," ಎಂದ ಇಂಜಿನಿಯರ್. "ಇದಕ್ಕಾದ್ರೂ ಹೆಡ್‌ಫೋನ್ ಹಾಕ್ಕೋ ತಾಯಿ."

ಸೆಟ್ಟಿನಲ್ಲಿ ಹಿಡಿದ ಮೂಲ ದನಿಯನ್ನು ಕಿವಿಯಲ್ಲಿ ಕೇಳಿಕೊಂಡು ಡಬ್ ಮಾಡುವುದು ಎಲ್ಲರ ರೂಢಿ. ಅವಳು ಮಾತ್ರ, ತುಟಿ ನೋಡಿಕೊಂಡೇ ಮಾಡುತ್ತೇನೆ ಎಂದು ಇಷ್ಟು ದಿನ ತಪ್ಪಿಸಿಕೊಂಡು ಬಂದಿದ್ದಳು. ತಾನು ಸುಳ್ಳು ಹೇಳಿ ಕಟ್ಟಿಹಾಕಿದ ಆ ಒಡಕು ದನಿಯನ್ನು ಕೇಳುವ ಎದೆಗಾರಿಕೆ ಅವಳಿಗಿರಲಿಲ್ಲ.

ಇವತ್ತು ದಾರಿಯಿಲ್ಲ. ಹಾಕಿಕೊಂಡಳು. ಗಾಜಿನಾಚೆ ತಂಗಿ ತಟಕ್ಕನೆ ಎದ್ದು ನಿಂತಳು. ಬೇಡ ಎಂಬಂತೆ ಕೈಯಾಡಿಸಿದಳು. ಇಂಜಿನಿಯರ್ ಅತ್ತ ನೋಡಲಿಲ್ಲ. ಸೆಟ್ಟಿನಲ್ಲಿ ಕ್ಲಾಪ್ ಬಡಿಯುವುದಕ್ಕೆ ಸ್ವಲ್ಪ ಮುಂಚಿನಿಂದಲೇ ದನಿ ಬಿಡುತ್ತೇನೆ ಎಂದು ಗುಂಡಿ ಒತ್ತಿದ.

ಕುರ್ಚಿ ಎಳೆದ ಸದ್ದು, ಯಾರದೋ ಕೆಮ್ಮು, ಆಮೇಲೆ ಗಂಟೆಯಷ್ಟು ಸ್ವಚ್ಛವಾಗಿ ತಂಗಿಯ ದನಿ: "ಕ್ಯಾಮೆರಾಗೆ ಬೆನ್ನೇ ಕಾಣೋದು ಗೊತ್ತಣ್ಣಾ, ಆದ್ರೂ ಉಸಿರು ಎಳ್ಕೊಂಡ್ರೆ ಭುಜ ಏಳತ್ತಲ್ಲ, 'ಬಾಗಿಲು' ಅಂದ್ಮೇಲೆ ನಮ್ಮಕ್ಕಂಗೆ ಉಸಿರು ಬೇಕು... ಒಂದ್ನಿಮಿಷ ತಡೀರಿ, ಗಂಟಲು ಒಡಕು ಮಾಡ್ಕೋತೀನಿ."