ಮೂರು ಹವ್ಯಾಸ

ಪರಿಚಯ ಸುಳ್ಳು. ಓದಿದ ಕೂಡಲೇ ಧನರಾಜನಿಗೆ ಹಾಗನಿಸಿತು.

‘ಹೆಸರು ಸಾಯಬಣ್ಣ. ಊರು ಚಪಳಗಾಂವ. ಹವ್ಯಾಸ ಮೂರು. ನಸುಕಿನ್ಯಾಗ ಸೈಕಲ್ ಮ್ಯಾಲ ಹಾಲು ಹಾಕಾಕ ಹೋಗೋದು, ದಾರಿ ತುಂಬ ಭಜನಿ ಪದ ಹಾಡೋದು, ಸಂಜಿಕ ಚೌಕಾಬಾರಾ ಆಡೋದು.’

ಕೆಳಗೊಂದು ಫೋಟೊ. ಗೋಡೆಗೆ ಒರಗಿಸಿದ ಸೈಕಲ್, ಹಾಲಿನ ಕ್ಯಾನು. ಮನುಷ್ಯನಿಲ್ಲ.

ಮೊಬೈಲಿನಲ್ಲಿ ಚೌಕಾಬಾರಾ ಆಡುವವರ ಆ ಗುಂಪಿಗೆ ಧನರಾಜನೇ ಅಡ್ಮಿನ್. ಸೊಲ್ಲಾಪುರ, ಅಕ್ಕಲಕೋಟದ ಇನ್ನೂರು ಜನ. ಹೊಸಬರು ಹೆಸರು, ಊರು, ಮೂರು ಹವ್ಯಾಸ ಬರೆಯಬೇಕು. ಇನ್ನೊಂದು ನಿಯಮವನ್ನು ಅವನು ಎಲ್ಲಕ್ಕಿಂತ ಮೇಲೆ ಹಾಕಿದ್ದ: ಗಾಡಿ ಓಡಿಸುವಾಗ ಆಡಬಾರದು. ಬಸ್ಸಿನಲ್ಲಿ ಆಫೀಸಿಗೆ ಹೋಗುವವನಿಗೆ ಈ ಚಿಂತೆ ಯಾಕೆಂದು ಗುಂಪಿನವರು ಕಾಡಿಸುತ್ತಿದ್ದರು.

‘ಹಾಲಿಗೆ ನೀರು ಹಾಕೋದು ನಾಕನೇ ಹವ್ಯಾಸ ಏನ್ರಿ ಕಾಕಾ?’ ಎಂದು ಶೀತಲ ಎಂಬ ಹುಡುಗಿ ಬರೆದಳು.

‘ಅದು ನನ್ನ ಹೆಂಡ್ತಿ ಕೆಲಸವ್ವ’ ಎಂದು ಹೊಸಬನ ಉತ್ತರ. ಗುಂಪೆಲ್ಲ ನಕ್ಕಿತು.

ಧನರಾಜ ನಗಲಿಲ್ಲ. ಚಪಳಗಾಂವದ ಸಾಯಬಣ್ಣ ಸತ್ತು ಎರಡು ವರ್ಷವಾಗಿರಬೇಕು. ಸತ್ತವರ ಹೆಸರಿನಲ್ಲಿ ಖಾತೆ ತೆರೆಯುವವರ ಸಂಗತಿ ಅವನು ಕೇಳಿದ್ದ. ಅಂಥವರನ್ನು ತೆಗೆದುಹಾಕುವುದು ಅಡ್ಮಿನ್ ಕೆಲಸ. ಆದರೆ ಬೆರಳು ಏಳಲಿಲ್ಲ. ಸಾಯಬಣ್ಣ ಆಸ್ಪತ್ರೆಯಲ್ಲಿದ್ದಾನೆ, ಸ್ಥಿತಿ ಗಂಭೀರ ಎಂದಷ್ಟೇ ಪೇಪರಿನಲ್ಲಿ ಓದಿದ್ದು. ಮರುದಿನದ ಪೇಪರನ್ನು ಅವನು ಬಿಡಿಸಿರಲಿಲ್ಲ.

ಬದುಕಿದ್ದರೆ? ದೇವರೇ, ಬದುಕಿದ್ದರೆ?

ಹೊಸಬನನ್ನು ಒಂದು ಆಟಕ್ಕೆ ಕರೆದ. ಆತ ಆಡಲು ಬಾರದವರಂತೆ ಕಾಯಿ ನಡೆಸಿ ಸೋತ. ಕೂಡಲೇ ಖಾಸಗಿಯಾಗಿ ಒಂದು ಸಂದೇಶ.

‘ನೀವು ಗೆದ್ರಿ. ಶಂಖ ಊದ್ತಲ್ರಿ?’

ಗೆದ್ದವರ ಮೊಬೈಲಿನಲ್ಲಿ ಶಂಖ ಊದುವುದು ಆ ಆಟದ ರೂಢಿ.

‘ನಾ ಆವಾಜ್ ಬಂದ್ ಇಡ್ತೀನ್ರಿ.’

‘ಮೊದಲಿಂದನೂ?’

‘ಎರಡು ವರ್ಷಾತು.’

ಕರೆಂಟ್ ಹೋಗಿ ಪಕ್ಕದ ಗಲ್ಲಿಯ ಪವರ್‌ಲೂಮ್ ನಿಂತಿತು. ಆ ಮಧ್ಯಾಹ್ನದ ಮೌನದಲ್ಲಿ ಧನರಾಜ ಎರಡು ವರ್ಷದಿಂದ ತೆರೆಯದ ಕಪಾಟಿನ ಕೆಳಗಿನ ಖಾನೆಯತ್ತ ನೋಡಿದ. ಖರೇ ಸಾಯಬಣ್ಣನಿಗೆ ಮಾತ್ರ ಉತ್ತರ ಗೊತ್ತಿರುವ ಪ್ರಶ್ನೆಯೊಂದು ಇತ್ತು. ಎರಡು ಸಲ ಬರೆದು ಅಳಿಸಿದ. ಮೂರನೆಯ ಸಲ ಕಳಿಸಿದ.

‘ನೀವು ಖರೇ ಸಾಯಬಣ್ಣ ಇದ್ರ ಹೇಳ್ರಿ. ಸೈಕಲ್ಲಿನ ಹ್ಯಾಂಡಲ್‌ಗೆ ಕಟ್ಟಿದ್ದ ಟಾವೆಲ್ ಬಣ್ಣ ಯಾವ್ದು?’

ಫೋಟೊದ ಸೈಕಲ್ಲಿನಲ್ಲಿ ಟಾವೆಲ್ ಇರಲಿಲ್ಲ. ಉತ್ತರ ಬಹಳ ತಡವಾಗಿ ಬಂತು.

‘ಕೆಂಪು.’

ಸರಿಯಾದ ಉತ್ತರ. ಧನರಾಜ ಗೋಡೆಗೆ ಒರಗಿ ಅತ್ತುಬಿಟ್ಟ. ಎಷ್ಟೋ ದಿನಗಳ ಮೇಲೆ ಉಸಿರು ಪೂರ್ತಿ ಒಳಗೆ ಹೋಯಿತು.

‘ನೀವು ಬದುಕೀರಿ’ ಎಂದು ಬರೆದ. ‘ಅಷ್ಟ ಸಾಕ್ರಿ ನನಗ.’

‘ಅವರು ಬದುಕಿಲ್ರಿ. ನಾ ಅವರ ಹೆಂಡ್ತಿ, ಗುರಮ್ಮ. ದವಾಖಾನ್ಯಾಗ ಎರಡು ದಿನ ಇದ್ರು. ಗಾಡಿ ನಿಂತು ಬಾಗಿಲಾ ತೆಗೀತು, ಒಳಗ ಶಂಖ ಊದ್ತು, ಮತ್ತ ಬಾಗಿಲಾ ಹಾಕ್ತು ಅಂದ್ರು. ಕೈಲಾಸದ ಶಂಖ ಅಂತ ಊರ ಮಂದಿ ಕೈ ಮುಗಿದ್ರು. ನಾನೂ ಮುಗಿದೆ. ಹೋದ ಶ್ರಾವಣದಾಗ ಮಗಳು ಮೊಬೈಲ್‌ನ್ಯಾಗ ಆಟ ಗೆದ್ಲು, ಶಂಖ ಊದ್ತು. ಅವತ್ತಿಂದ ಪರಿಚಯ ಬರಿಯಾಕತ್ತೀನಿ. ನಿಮ್ಮದು ಹದಿನಾಕನೇ ಗುಂಪು.’

ಧನರಾಜನ ಮೊಬೈಲಿಗೆ ಇನ್ನೊಂದು ಸಂದೇಶ ಬಂತು.

‘ಆ ಟಾವೆಲ್ ಅವತ್ತ ನಸುಕಿನ್ಯಾಗ ಹೊಸಾದು ಬಿಚ್ಚಿ ಕಟ್ಟಿದ್ದೆ, ರಸ್ತಾದ ಮ್ಯಾಲ ಸಿಗಲಿಲ್ಲ, ಗಾಡಿಗೆ ಸಿಕ್ಕೊಂಡು ಹೋಗಿರಬೇಕು, ಅದರ ಸುದ್ದಿ ಗೊತ್ತಿದ್ದವರು ಈಗ ಇಬ್ಬರ ಉಳದೀವಿ, ಕಟ್ಟಿದಾಕಿ ನಾ, ಗುದ್ದಿದಾಂವ ನೀ.’